ಕೆಂಪು ವೈರಿಗೆ ಕಟ್ಟಿದ ಕೀ

ಅಕ್ಕನ ಅತ್ತೆಯನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯುವ ಬಗ್ಗೆ ಭಾವ ಹೇಳಿ ಹೋದದ್ದು ಒಂದೇ ಮಾತು: ಲಿಫ್ಟ್ ಹತ್ತಿಸಬೇಡ, ಎಷ್ಟು ಹೊತ್ತಾದರೂ ಸರಿ, ಮೆಟ್ಟಿಲಿನಲ್ಲೇ ಕರೆದುಕೊಂಡು ಹೋಗು. ಬೂಟಿನ ಲೇಸು ಕಟ್ಟುತ್ತ, ತಲೆಯೆತ್ತದೆ ಅಷ್ಟು ಹೇಳಿ ಹೊರಟುಹೋಗಿದ್ದರು.

ತಮ್ಮನಿಗೆ ತಿಂಡಿಯ ತಟ್ಟೆ ಕೊಡುತ್ತ ಅಕ್ಕ ಅದನ್ನು ಹೇಳಿದಳು. ದೂರಿನ ಧಾಟಿಯಲ್ಲಿ ಹೇಳಲಿಲ್ಲ, ಅರ್ಥವಾಗಲಿಲ್ಲವೆಂದು ಹೇಳಿದಳು. ಅತ್ತೆಯ ಮಂಡಿಗಳು ಹೊಸ್ತಿಲು ದಾಟುವ ಮೊದಲೂ ಒಮ್ಮೆ ಯೋಚಿಸುವಂಥವು. ಕಣ್ಣು ಪರೀಕ್ಷಿಸುವುದು ಮೂರನೆಯ ಮಹಡಿಯಲ್ಲಿ. ಮೇಲಾಗಿ ಆ ಆಸ್ಪತ್ರೆಯ ಲಿಫ್ಟನ್ನು ನೋಡಿಕೊಳ್ಳುವುದು ಭಾವನವರ ಕಂಪನಿಯೇ. ಭಾವ ಅಲ್ಲಿ ಸೂಪರ್‌ವೈಸರ್, ತಮ್ಮ ಅಲ್ಲಿಯೇ ಮೆಕ್ಯಾನಿಕ್. ಕಿವಿ ಮಂದವೆಂದು ಮನೆಯವರೆಲ್ಲ ನಂಬಿದ್ದ ಅತ್ತೆ ಒಳಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, "ಊರಿಗೆಲ್ಲ ಲಿಫ್ಟು, ಹೆತ್ತವಳಿಗೆ ಮೆಟ್ಟಿಲು. ಚೆನ್ನಾಗಿದೆ ನನ್ನ ಮಗನ ನ್ಯಾಯ," ಎಂದರು.

ಅಕ್ಕ ನಕ್ಕಳು. ತಮ್ಮನೂ ನಕ್ಕ, ಆದರೆ ಬಾಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು.

ತಮ್ಮನನ್ನು ಎಲ್ಲರೂ ಕರೆಯುವುದು ಕಡ್ಡಿ ಎಂದು. ಲಿಫ್ಟ್ ಓಡಾಡುವ ಗುಂಡಿಯ ಎಂಥ ಸಂದಿಯಲ್ಲಾದರೂ ನುಸುಳುವ ಸಣಕಲು ಮೈಗೆ ಜೊತೆಯವರು ಇಟ್ಟ ಹೆಸರು, ಕ್ರಮೇಣ ಮನೆಯೊಳಗೂ ಬಂದು ಕೂತಿತ್ತು. ಅವನಿದ್ದದ್ದು ಅಕ್ಕನ ಮನೆಯಲ್ಲಿ, ಉಣ್ಣುತ್ತಿದ್ದದ್ದು ಭಾವ ಕೊಡಿಸಿದ ಕೆಲಸದ ಅನ್ನ. ಹೀಗಾಗಿ ಭಾವ ಹೇಳಿದ ಯಾವ ಮಾತನ್ನೂ ಅವನು ತಿರುಗಿಸಿ ನೋಡಿದವನಲ್ಲ. ಇಂದು ಮೊದಲ ಬಾರಿಗೆ ನೋಡಿದ. ಆ ಲಿಫ್ಟು ಸರಿಯಾಗಿದೆ ಎಂದು ಹೋದ ವಾರ ತನ್ನ ಕೈಗೆ ಬೈಕಿನ ಕೀ ಕೊಟ್ಟು ಹೇಳಿದವರು, ಸ್ವಂತ ತಾಯಿಗೆ ಅದನ್ನು ಬೇಡವೆನ್ನುವುದೇಕೆ?

ಅದು ಹಳೆಯ ಲಿಫ್ಟು. ಪ್ರತಿ ಮಹಡಿಯಲ್ಲೂ ಕೈಯಿಂದ ಎಳೆದು ತೆಗೆಯುವ ಬಾಗಿಲು, ಬಾಗಿಲಿಗೊಂದು ಒಳಗಿನ ಕೊಕ್ಕೆ. ಜನ ನಿಲ್ಲುವ ಪೆಟ್ಟಿಗೆ ಮಹಡಿಯನ್ನು ಬಿಟ್ಟು ಹೊರಡುವ ಮುನ್ನ ಆ ಕೊಕ್ಕೆ ಬೀಳಬೇಕು. ಬಿತ್ತೆಂದು ಒಂದು ಸಣ್ಣ ಸ್ವಿಚ್ಚು ಸಾಕ್ಷಿ ಹೇಳಿದ ಮೇಲೆಯೇ ಮೋಟರಿಗೆ ಕರೆಂಟು. ಮೂರನೆಯ ಮಹಡಿಯ ಕೊಕ್ಕೆ ಸವೆದುಹೋಗಿತ್ತು. ಅದು ಬೀಳದಿದ್ದಾಗಲೆಲ್ಲ ಲಿಫ್ಟು ಹಟ ಹಿಡಿದ ಕತ್ತೆಯಂತೆ ನಿಂತಲ್ಲೇ ನಿಂತುಬಿಡುತ್ತಿತ್ತು. ಹಾಗೆ ನಿಲ್ಲುವುದೇ ಅದರ ಒಳ್ಳೆಯತನ. ಆಸ್ಪತ್ರೆಯವರಿಗೆ ಮಾತ್ರ ಅದು ಕಂಪನಿಯ ಕಳಪೆ ಕೆಲಸವಾಗಿ ಕಂಡಿತ್ತು. ಫೋನಿನ ಮೇಲೆ ಫೋನು. ಹೊಸ ಕೊಕ್ಕೆ ಬರುವುದು ತಡವೆಂದು ಭಾವ, ಸದ್ಯಕ್ಕೆ ವೈರು ಹಾಕು ಎಂದಿದ್ದರು.

ವೈರು ಹಾಕುವುದೆಂದರೆ, ತಾರಸಿಯ ಮೆಷಿನ್ ರೂಮಿನಲ್ಲಿರುವ ಬೋರ್ಡಿನಲ್ಲಿ ಆ ಸ್ವಿಚ್ಚಿನ ಎರಡು ತುದಿಗಳನ್ನು ಗೇಣುದ್ದದ ಕೆಂಪು ವೈರಿನಿಂದ ಜೋಡಿಸಿಬಿಡುವುದು. ಆಮೇಲೆ ಕೊಕ್ಕೆ ಬಿದ್ದರೂ ಒಂದೇ, ಬೀಳದಿದ್ದರೂ ಒಂದೇ, ಲಿಫ್ಟು ಓಡುತ್ತದೆ. ರಿಪೇರಿಯ ಹೊತ್ತಿನಲ್ಲಿ, ಎಲ್ಲಿ ಏನು ಕೆಟ್ಟಿದೆಯೆಂದು ಹುಡುಕಲು, ಎಲ್ಲ ಮೆಕ್ಯಾನಿಕ್‌ಗಳೂ ಅರೆಗಳಿಗೆ ಹಾಕಿ ತೆಗೆಯುವಂಥದ್ದೇ. ಆದರೆ ಹಾಕಿದ್ದನ್ನು ಹಾಗೆಯೇ ಬಿಟ್ಟರೆ, ಪೆಟ್ಟಿಗೆ ಬೇರೆಲ್ಲೋ ಇರುವಾಗಲೂ ಕೊಕ್ಕೆ ಬೀಳದ ಮೂರನೆಯ ಮಹಡಿಯ ಬಾಗಿಲು ಎಳೆದವರಿಗೆ ತೆರೆದುಕೊಳ್ಳುತ್ತದೆ. ಎದುರಿಗೆ ಕತ್ತಲೆ, ಕಾಲ ಕೆಳಗೆ ಮೂರು ಮಹಡಿಯ ಗುಂಡಿ.

ಈ ಮರೆವಿಗೆ ಹೆದರಿಯೇ ಅವರೊಳಗೆ ಒಂದು ಕಟ್ಟುಪಾಡು ಬೆಳೆದಿತ್ತು. ವೈರು ಹಾಕಿದವನು ತನ್ನ ಬೈಕಿನ ಕೀಯನ್ನು ಗೊಂಚಲಿನಿಂದ ಬಿಡಿಸಿ ಆ ವೈರಿಗೇ ಕಟ್ಟಬೇಕು. ವೈರು ತೆಗೆಯದೆ ಕೀ ಸಿಗದು, ಕೀ ಸಿಗದೆ ಮನೆ ಸೇರಲಾಗದು. ಕಂಪನಿ ಕಲಿಸಿದ ನಿಯಮವಲ್ಲ ಇದು, ಗ್ರೀಸು ಮೆತ್ತಿದ ಕೈಗಳು ತಮ್ಮ ತಲೆಗೆ ತಾವೇ ಹಾಕಿಕೊಂಡ ಲಗಾಮು. ಕಡ್ಡಿಗೆ ಅದನ್ನು ಕಲಿಸಿದವರು ಭಾವನೇ, ಅವರಿನ್ನೂ ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ.

ಆ ದಿನ ಕಡ್ಡಿ ವೈರು ಹಾಕಿದ, ಕೀ ಕಟ್ಟಿದ. ಮೂರನೆಯ ಮಹಡಿಯ ಬಾಗಿಲ ಹಿಡಿಕೆಯನ್ನು ಹಗ್ಗದಿಂದ ಬಿಗಿದು, 'ಲಿಫ್ಟ್ ಇಲ್ಲಿ ನಿಲ್ಲುವುದಿಲ್ಲ' ಎಂಬ ಹಲಗೆಯನ್ನೂ ತೂಗುಹಾಕಿದ. ಸಂಜೆ ಭಾವ ಅವನನ್ನು ತಮ್ಮ ಗಾಡಿಯ ಹಿಂದೆ ಕೂರಿಸಿಕೊಂಡು ಮನೆಗೆ ಕರೆತಂದರು. ಮರುದಿನ ಅವನನ್ನು ಊರಿನ ಇನ್ನೊಂದು ತುದಿಯ ಕಟ್ಟಡಕ್ಕೆ ಕಳಿಸಿ, ಸಂಜೆ ಅಂಗೈಯಲ್ಲಿ ಕೀ ಇಟ್ಟರು. ಕೊಕ್ಕೆ ಬಂತು, ನಾನೇ ಕೂರಿಸಿದೆ ಎಂದರು. ಕೀ ಕೈಗೆ ಬಂದಿದೆಯೆಂದರೆ ವೈರು ಹೋಗಿದೆಯೆಂದೇ ಅರ್ಥ. ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳುವುದು ಅವರ ಕಸುಬಿನಲ್ಲಿ ಇರಲಿಲ್ಲ.

ಕಡ್ಡಿ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದ. ಅಂಗಳಕ್ಕೆ ಬಂದು ಜೇಬಿನಿಂದ ಕೀ ತೆಗೆದು ಬಿಸಿಲಿಗೆ ಹಿಡಿದ.

ಅವನಿಗೊಂದು ಕೆಟ್ಟ ಚಾಳಿಯಿತ್ತು: ಗ್ರೀಸ್ ಡಬ್ಬಿಯ ಮುಚ್ಚಳವನ್ನು ಬೈಕಿನ ಕೀಯಿಂದಲೇ ಮೀಟಿ ತೆಗೆಯುವುದು. ಹಾಗೆ ಮೀಟಿ ಮೀಟಿ ಕೀಯ ತುದಿ ಒಂದಿಷ್ಟು ಸೊಟ್ಟಗಾಗಿ, ಗಾಡಿ ಶುರುಮಾಡುವಾಗಲೆಲ್ಲ ಅದನ್ನು ಅಲ್ಲಾಡಿಸಿ, ಪುಸಲಾಯಿಸಿ, ಒಂದೆರಡು ಬೈಗುಳವನ್ನೂ ಸೇರಿಸಿ ತಿರುಗಿಸಬೇಕಿತ್ತು. ಕಳೆದ ಕೆಲವು ದಿನಗಳಿಂದ ಅದು ನೀರು ಕುಡಿದಷ್ಟು ಸಲೀಸಾಗಿ ತಿರುಗುತ್ತಿತ್ತು. ಆ ಪುಣ್ಯವನ್ನು ಅವನು ತಾನು ಬಿಟ್ಟ ಎಣ್ಣೆಯ ಹನಿಗೆ ಕಟ್ಟಿದ್ದ. ಈಗ ಬಿಸಿಲಿನಲ್ಲಿ ಕೀ ಥಳಥಳಿಸಿತು. ತುದಿ ನೆಟ್ಟಗಿತ್ತು. ಒಂದು ಗೀರೂ ಇರಲಿಲ್ಲ.

ಬೈಕು ಕಂಪನಿಯದು. ಯಾವ ಬೈಕೂ ಒಂದೇ ಕೀಯೊಂದಿಗೆ ಬರುವುದಿಲ್ಲ. ಒಂದನ್ನು ಅವನಿಗೆ ಕೊಟ್ಟಿದ್ದರು. ಇನ್ನೊಂದು ಆಫೀಸಿನಲ್ಲಿ, ಭಾವನವರ ಮೇಜಿನ ಖಾನೆಯಲ್ಲಿ ಉಳಿದಿತ್ತು. ಇಷ್ಟು ಸರಳವಾದ ಸಂಗತಿ, ಆ ಕಟ್ಟುಪಾಡನ್ನು ಇಷ್ಟು ದಿನ ನೆಚ್ಚಿಕೊಂಡಿದ್ದ ಒಬ್ಬನಿಗೂ ಹೊಳೆದಿರಲಿಲ್ಲ.

ಭಾವನವರಿಗೆ ಫೋನು ಮಾಡಿದ. ತೆಗೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ, ತಾನು ಮುಂದೆ ಹೋಗಿರುವುದಾಗಿಯೂ, ಯಾರು ಏನೇ ಹೇಳಲಿ ಮೆಟ್ಟಿಲನ್ನೇ ಹತ್ತಬೇಕೆಂದೂ ಹೇಳಿದ. ಅಕ್ಕ ಯಾಕೆಂದು ಕೇಳಲಿಲ್ಲ. ಗಂಡನ ಬಾಯಲ್ಲಿ ಒಂದು ಸಲ, ತಮ್ಮನ ಬಾಯಲ್ಲಿ ಒಂದು ಸಲ ಅದೇ ಮಾತನ್ನು ಕೇಳಿ ಅವಳ ಮುಖದ ಬಣ್ಣವೇ ಬೇರೆಯಾಗಿತ್ತು.

ಆಸ್ಪತ್ರೆಯ ಮ್ಯಾನೇಜರ್ ನೆಲಮಹಡಿಯ ಗಾಜಿನ ಕೋಣೆಯಲ್ಲಿದ್ದ. ತಾರಸಿಯ ಬೀಗದ ಕೈ ಇರುವುದು ಅವನ ಬಳಿ. ಕಡ್ಡಿ ಕೇಳಿದ ಕೂಡಲೇ ಕೊಡುವ ಬದಲು ಅವನು ಫೋನೆತ್ತಿ ಭಾವನವರೊಡನೆ ಮಾತಾಡಿದ. ಕಡ್ಡಿಯ ಫೋನಿಗೆ ಸಿಗದ ಭಾವ ಅವನ ಫೋನಿಗೆ ಸಿಕ್ಕಿದರು. ಹೂಂ, ಹೂಂ ಎಂದು ಕೇಳಿಸಿಕೊಂಡು ಫೋನಿಟ್ಟ ಮ್ಯಾನೇಜರ್, ಇವತ್ತು ದೊಡ್ಡ ಡಾಕ್ಟರು ಮುಂದಿನ ವರ್ಷದ ಲಿಫ್ಟ್ ಕರಾರಿಗೆ ಸಹಿ ಹಾಕುವ ದಿನ, ಇವತ್ತೊಂದು ದಿನ ಲಿಫ್ಟು ಮುಟ್ಟಕೂಡದಂತೆ, ನಿಮ್ಮ ಸೂಪರ್‌ವೈಸರೇ ಬರುತ್ತಿದ್ದಾರಂತೆ ಎಂದ. ಕೊಕ್ಕೆ ಹಾಕಿಲ್ಲ, ಜನ ಬೀಳುತ್ತಾರೆ ಎಂದು ಕಡ್ಡಿ ಹೇಳಿದ್ದಕ್ಕೆ ಅವನು ಕೊಟ್ಟ ಉತ್ತರ ತಣ್ಣಗಿತ್ತು: ನಿಮ್ಮ ಕಂಪನಿಯಲ್ಲಿ ಸೂಪರ್‌ವೈಸರ್ ಮಾತು ನಂಬಬೇಕೋ, ಮೆಕ್ಯಾನಿಕ್ ಮಾತೋ, ಮೊದಲು ನೀವೇ ತೀರ್ಮಾನ ಮಾಡಿಕೊಂಡು ಬನ್ನಿ.

ಪೆಟ್ಟಿಗೆಯೊಳಗೆ ಹೊಕ್ಕು ನಿಲ್ಲಿಸೋಣವೆಂದರೆ ಅಲ್ಲಿನ ಕೆಂಪು ಬಟನ್ನು ಹಿಂದೆಯೇ ಮಾಯವಾಗಿತ್ತು. ಮಕ್ಕಳು ಒತ್ತುತ್ತಾರೆಂದು ಆಸ್ಪತ್ರೆಯವರು ದೂರಿದ್ದರು; ಅದರ ಜಾಗಕ್ಕೆ ತಗಡಿನ ತುಂಡೊಂದನ್ನು ಹೊಡೆದವನು ಕಡ್ಡಿಯೇ. ಅವನು ಮೆಟ್ಟಿಲಿಗೆ ಓಡಿದ.

ಮೂರನೆಯ ಮಹಡಿಯ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಬೆಂಚುಗಳು. ಕಣ್ಣಿಗೆ ಹನಿ ಹಾಕಿಸಿಕೊಂಡವರು ರೆಪ್ಪೆ ಮುಚ್ಚಿ, ಮುಖವನ್ನು ತುಸು ಮೇಲೆತ್ತಿ, ಸಾಲಾಗಿ ಕೂತಿದ್ದರು. ಆ ಹನಿ ಹಾಕಿದರೆ ಕೆಲವು ಗಂಟೆ ಎದುರಿಗಿರುವುದೆಲ್ಲ ಮಂಜು. ಹಗ್ಗವೂ ಇಲ್ಲ, ಹಲಗೆಯೂ ಇಲ್ಲ. ಲಿಫ್ಟಿನ ಬಾಗಿಲ ಮುಂದೆ ಕೋಟು ತೊಟ್ಟ ಹಿರಿಯರೊಬ್ಬರು ನಿಂತು, ಕೈಯಿಂದ ಸವರಿ ಸವರಿ ಹಿಡಿಕೆಯನ್ನು ಹುಡುಕುತ್ತಿದ್ದರು. ಸಿಕ್ಕಿತು. ಎಳೆದರು.

ಬಾಗಿಲು ತಡೆಯಿಲ್ಲದೆ ತೆರೆಯಿತು. ಒಳಗೆ ಪೆಟ್ಟಿಗೆಯಿರಲಿಲ್ಲ, ಎಣ್ಣೆ ಹಿಡಿದ ಉಕ್ಕಿನ ಹಗ್ಗಗಳು ಮಾತ್ರ ಸದ್ದಿಲ್ಲದೆ ಮೇಲಕ್ಕೆ ಸರಿಯುತ್ತಿದ್ದವು. ಗುಂಡಿಯ ತಣ್ಣನೆಯ ಗಾಳಿ ಪಡಸಾಲೆಗೆ ನುಗ್ಗಿತು. ಹಿರಿಯರು ಒಂದು ಕಾಲನ್ನು ಎತ್ತಿದ್ದರು.

ಕಡ್ಡಿ ಅವರ ಕೋಟಿನ ಬೆನ್ನು ಹಿಡಿದು ಹಿಂದಕ್ಕೆಳೆದು, ಬಾಗಿಲನ್ನು ದಢಾರನೆ ತಳ್ಳಿ, ಅದಕ್ಕೆ ಬೆನ್ನುಕೊಟ್ಟು ನಿಂತ.

"ಏನಯ್ಯಾ, ಕೈ ಜಜ್ಜಿಹೋಗ್ತಿತ್ತಲ್ಲ," ಎಂದರು ಹಿರಿಯರು, ಕಾಣದ ಕಣ್ಣನ್ನು ಅವನತ್ತ ತಿರುಗಿಸಿ. "ನಿಂಗೆ ಅಷ್ಟು ಅವಸರ ಇದ್ರೆ ಮೊದ್ಲು ನೀನೇ ಹೋಗ್ಬಹುದಿತ್ತು."

ಕಡ್ಡಿ ತಪ್ಪಾಯಿತೆಂದ.

ನರ್ಸ್ ಬಂದು ವಿಚಾರಿಸಿದಳು. ಹಗ್ಗ ಬಿಚ್ಚಲು ಹೇಳಿದವರು ನಿಮ್ಮವರೇ ಅಲ್ಲವೇ ಎಂದಳು. ಈಗ ಮತ್ತೆ ಕಟ್ಟಬೇಕಾದರೆ ಮ್ಯಾನೇಜರ್ ಹೇಳಬೇಕೆಂದು ಹೋದವಳು ತಿರುಗಿ ಬರಲಿಲ್ಲ. ಲಿಫ್ಟಿಗೆ ಬಂದವರನ್ನೆಲ್ಲ ಕಡ್ಡಿ ಮೆಟ್ಟಿಲಿನತ್ತ ಕಳಿಸುತ್ತಿದ್ದ. ಕೆಲವರು ಗೊಣಗಿಕೊಂಡು ಹೋದರು. ಕಪ್ಪು ಕನ್ನಡಕದ ಒಬ್ಬಾತ, ನಿಮ್ಮನ್ನು ಇಲ್ಲಿ ದ್ವಾರಪಾಲಕ ಅಂತ ನೇಮಿಸಿದ್ದಾರೋ, ಇಲ್ಲ ಗುಡಿಯ ಕಲ್ಲಿನವರು ರಜೆ ಹಾಕಿದ್ದಾರೋ ಎಂದು ಕೇಳಿ, ತನ್ನ ಹಾಸ್ಯಕ್ಕೆ ತಾನೇ ನಗುತ್ತ ಇಳಿದುಹೋದ. ಬೆನ್ನ ಹಿಂದೆ ಪೆಟ್ಟಿಗೆ ಏರಿ ಇಳಿಯುವ ಸಣ್ಣ ಕಂಪನ ಕಡ್ಡಿಯ ಬೆನ್ನುಮೂಳೆಗೆ ತಿಳಿಯುತ್ತಿತ್ತು.

ಅಷ್ಟರಲ್ಲಿ ಅಕ್ಕ ಅತ್ತೆಯನ್ನು ಕರೆತಂದಳು. ಅತ್ತೆ ಪ್ರತಿ ತಿರುವಿನಲ್ಲೂ ಕೂತು, ಮಗನನ್ನು ಬೈದು, ಎದ್ದು ಬಂದಿದ್ದರಂತೆ. ಅವರ ಕಣ್ಣಿಗೂ ಹನಿ ಬಿತ್ತು. ಬೆಂಚಿನ ಈಚೆ ತುದಿಯಲ್ಲಿ, ಕಡ್ಡಿಗೆ ಕೈಗೆಟಕುವಷ್ಟು ಹತ್ತಿರದಲ್ಲೇ, ರೆಪ್ಪೆ ಮುಚ್ಚಿ ಕೂತರು. ಅಕ್ಕ ಬಾಗಿಲಿಗೆ ಒರಗಿದ ತಮ್ಮನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಮತ್ತೆ ತಮ್ಮನನ್ನು ನೋಡಿದಳು.

ಭಾವ ಬಂದದ್ದು ಸ್ವಲ್ಪ ಹೊತ್ತಿನ ಮೇಲೆ. ಅವರೂ ಮೆಟ್ಟಿಲು ಹತ್ತಿಯೇ ಬಂದಿದ್ದರು, ಏದುಸಿರು ಬಿಡುತ್ತಿದ್ದರು. ಸಹಿಯ ದಿನವೆಂದು ತೊಟ್ಟಿದ್ದ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು. ಬೆಂಚಿನ ಮೇಲೆ ತಾಯಿ ಕೂತಿರುವುದನ್ನು ಕಂಡು ಒಂದು ಕ್ಷಣ ನಿಂತವರು, ಆಮೇಲೆ ಕಡ್ಡಿಯ ಬಳಿ ಬಂದು ಪಿಸುದನಿಯಲ್ಲಿ ಮಾತಿಗಿಳಿದರು. ಮಧ್ಯಾಹ್ನದೊಳಗೆ ಸಹಿ ಆಗುತ್ತದೆ, ಆದ ಮರುಗಳಿಗೆ ನಾನೇ ನಿಲ್ಲಿಸುತ್ತೇನೆ, ಈಗ ಪಕ್ಕಕ್ಕೆ ಬಾ ಎಂದರು. ಜನ ನೋಡುತ್ತಿದ್ದಾರೆ ಎಂದರು. ಅಲ್ಲಿ ಅಕ್ಕನನ್ನು ಬಿಟ್ಟರೆ ನೋಡಬಲ್ಲವರು ಯಾರೂ ಇರಲಿಲ್ಲವೆಂಬುದು ಅವರಿಗೆ ತೋಚಲಿಲ್ಲ.

"ಕೊಕ್ಕೆ ಎಲ್ಲಿ ಭಾವ?"

"ತರಿಸೋಕೆ ಮೇಲಿನೋರೇ ಒಪ್ಪಿಲ್ಲ. ಹಳೇ ಮಾಡೆಲ್ಲು, ಅದಕ್ಕೆ ಖರ್ಚು ಯಾಕೆ ಅಂತಾರೆ. ನಾನೇನು ಮನೇಲಿ ಎರಕ ಹುಯ್ಲಾ?"

ಆಮೇಲೆ ಅವರ ದನಿ ಇನ್ನೂ ಇಳಿಯಿತು. ಇಳಿದಷ್ಟೂ ಬಿಗಿಯಾಯಿತು. ನಿನ್ನ ಕೈ ಹಿಡಿದು ಈ ಕೆಲಸಕ್ಕೆ ತಂದವನು ಯಾರೆಂದು ನೆನಪಿಸಿದರು. ಈ ಕರಾರು ಹೋದರೆ ಮೊದಲು ಹೋಗುವುದು ತಮ್ಮ ಕುರ್ಚಿ, ಅದರ ಬೆನ್ನಿಗೇ ಕಡ್ಡಿಯ ಕೆಲಸ. ನಿಮ್ಮಕ್ಕ ಒಲೆ ಹಚ್ಚುವುದು ಇದರಿಂದಲೇ ಎಂಬುದನ್ನು ಮರೆತೆಯಾ ಎಂದರು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದ್ದರಿಂದಲೇ ಕಡ್ಡಿಯ ಕಾಲು ಒಂದು ಗಳಿಗೆ ಸಡಿಲಾಯಿತು. ಬೆನ್ನು ಬಾಗಿಲಿನಿಂದ ಕೂದಲೆಳೆಯಷ್ಟು ಬಿಟ್ಟಿತು; ಆ ಸಂದಿಯಿಂದ ಗುಂಡಿಯ ತಣ್ಣನೆಯ ಗಾಳಿ ಕತ್ತಿಗೆ ತಾಗಿತು.

ಅವನು ಮತ್ತೆ ಒತ್ತಿ ನಿಂತು, ಜೇಬಿನಿಂದ ಕೀ ತೆಗೆದು ಭಾವನವರ ಮುಖದ ಮುಂದೆ ಹಿಡಿದ.

"ಇದು ನನ್ನ ಕೀ ಅಲ್ಲ, ಭಾವ."

ಭಾವ ಕೀಯನ್ನು ನೋಡಿದರು. ನೆಟ್ಟಗಿನ ಹೊಸ ತುದಿಯ ಮೇಲೆ ಅವರ ದೃಷ್ಟಿ ನೆಟ್ಟಿತು.

ಆಗ ಬೆಂಚಿನಿಂದ ಅತ್ತೆಯ ದನಿ ಬಂತು. "ನನ್ನ ಮಗನ ಧ್ವನಿ ಅಲ್ವಾ ಅದು?"

ಭಾವ ತಿರುಗಿದರು.

"ಬಂದ್ಯಾ? ಒಳ್ಳೇದಾಯ್ತು," ಎಂದರು ಅತ್ತೆ, ಮುಚ್ಚಿದ ಕಣ್ಣಿನಲ್ಲೇ. ಗೋಡೆಗೆ ಕೈಕೊಟ್ಟು ಎದ್ದರು. "ಹತ್ತೋದ್ರಲ್ಲೇ ನನ್ನ ಪ್ರಾಣ ಹೋಗಿ ಬಂತು. ಇಳಿಯೋದು ನನ್ನಿಂದಾಗಲ್ಲ. ನಿನ್ನ ಲಿಫ್ಟಲ್ಲೇ ಇಳೀತೀನಿ. ಬಾ, ಬಾಗಿಲು ತೆಗಿ."

"ಬೇಡಮ್ಮ."

"ಯಾಕೆ?"

"ಬೇಡ ಅಂದೆನಲ್ಲ. ಕೂತ್ಕೋ."

ಅತ್ತೆ ಕೂರಲಿಲ್ಲ. ಗೋಡೆ ಸವರುತ್ತ ಇನ್ನೆರಡು ಹೆಜ್ಜೆ ಬಂದರು. ಅವರ ಕೈ ಬಾಗಿಲ ಚೌಕಟ್ಟಿಗೆ ತಾಗಿ, ಅಲ್ಲಿಂದ ಕಡ್ಡಿಯ ತೋಳಿಗೆ ತಾಗಿ, ಅದು ಯಾರದೆಂದು ಗುರುತಿಸಿದಂತೆ ಅಲ್ಲಿಯೇ ನಿಂತಿತು.

"ಇವರೆಲ್ಲ ಹೋಗಬಹುದಂತೆ, ನಾನು ಮಾತ್ರ ಯಾಕೆ ಬೇಡ? ಅದನ್ನ ಹೇಳು, ಕೂರ್ತೀನಿ."

ಅವರು ಬೇಕೆಂದೇ ಕೇಳಿದರೋ, ಮಂಡಿ ನೋವಿಗೆ ಕೇಳಿದರೋ ಕಡ್ಡಿಗೆ ತಿಳಿಯಲಿಲ್ಲ. ಆದರೆ ಸಾಲಾಗಿ ಕೂತಿದ್ದ ಅಷ್ಟೂ ಜನ, ಮುಚ್ಚಿದ ಕಣ್ಣುಗಳ ಮುಖವನ್ನು ಒಂದೊಂದಾಗಿ ಭಾವನವರ ದನಿ ಬಂದ ದಿಕ್ಕಿಗೆ ತಿರುಗಿಸಿದರು. ಮೆಟ್ಟಿಲಿಗೆ ಹೆದರಿ ಮತ್ತೆ ಬಂದು ಕೂತಿದ್ದ ಕೋಟಿನ ಹಿರಿಯರೂ ತಿರುಗಿಸಿದರು. ಯಾರ ನೋಟವೂ ಭಾವನವರನ್ನು ಮುಟ್ಟುತ್ತಿರಲಿಲ್ಲ. ಆದರೂ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕ ಗಂಡನನ್ನೇ ನೋಡುತ್ತಿದ್ದಳು. ಅಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದವಳು ಅವಳೊಬ್ಬಳೇ.

ಭಾವನವರ ಕೈ ಪ್ಯಾಂಟಿನ ಜೇಬಿಗೆ ಹೋಯಿತು. ತಾರಸಿಯ ಬೀಗದ ಕೈ ಅದರಲ್ಲಿತ್ತು. ಕಡ್ಡಿಗೆ ಸಿಗದಿರಲೆಂದು ಮ್ಯಾನೇಜರಿನಿಂದ ಕೇಳಿ ಪಡೆದು ಬಂದಿದ್ದರು. ಅದನ್ನು ಅವನ ಕೈಗೆ ಹಾಕಿ, "ಹೋಗು. ಮೇನ್ ಇಳಿಸು," ಎಂದರು. ಬಳಿಕ ಅವನು ಬಿಟ್ಟ ಜಾಗದಲ್ಲಿ, ಬಾಗಿಲಿಗೆ ಬೆನ್ನುಕೊಟ್ಟು ತಾವೇ ನಿಂತರು.

ಮೆಷಿನ್ ರೂಮಿನಲ್ಲಿ ಬಿಸಿ ಎಣ್ಣೆಯ ವಾಸನೆ. ಪೆಟ್ಟಿಗೆ ಒಂದು ಮಹಡಿ ಸೇರುವವರೆಗೆ ಕಡ್ಡಿ ಕಾದ. ತಿರುಗುತ್ತಿದ್ದ ದೊಡ್ಡ ಚಕ್ರ ನಿಂತ ಕೂಡಲೇ ಮೇನ್ ಸ್ವಿಚ್ಚನ್ನು ಇಳಿಸಿದ. ಬೋರ್ಡಿನ ಮುಚ್ಚಳ ತೆಗೆದರೆ ಕೆಂಪು ವೈರು ತಾನು ಹಾಕಿದಂತೆಯೇ ಇತ್ತು. ಅದರ ನಡುವೆ, ತಾನು ಹಾಕಿದ ಗಂಟಿನಲ್ಲೇ, ಸೊಟ್ಟ ತುದಿಯ ಕೀ ತೂಗುತ್ತಿತ್ತು. ಗಂಟು ಬಿಚ್ಚಿ ಕೀಯನ್ನು ಜೇಬಿಗಿಳಿಸಿ, ವೈರನ್ನು ಕಿತ್ತ.

ಇಳಿದು ಬಂದಾಗ ಮ್ಯಾನೇಜರ್ ಮೇಲೆ ಬಂದು ಕೂಗಾಡುತ್ತಿದ್ದ. ಭಾವ ಅವನಿಗೆ ಬೆನ್ನು ಹಾಕಿ ಮೂರನೆಯ ಮಹಡಿಯ ಹಿಡಿಕೆಗೆ ಹಗ್ಗ ಬಿಗಿಯುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಹಿಡಿದ ಹಗ್ಗ. ಆದರೂ ಗಂಟು ಮೆಕ್ಯಾನಿಕ್‌ನದೇ. ಜೇಬಿನಲ್ಲಿ ಅವರ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು. ಕಂಪನಿಯ ಮೇಲಿನವರದೆಂದು ಇಬ್ಬರಿಗೂ ಗೊತ್ತಿತ್ತು.

ಕಡ್ಡಿ ಹೊಸ ಕೀಯನ್ನು ಅವರ ಅಂಗಿಯ ಜೇಬಿಗೆ ಹಾಕಿದ. "ಇನ್ನೆಲ್ಲೆಲ್ಲಿ ಇವೆ ಭಾವ, ಇಂಥ ವೈರು?"

ಭಾವ ಹಗ್ಗದ ಮೇಲಿನ ಕೈಯನ್ನು ತೆಗೆಯಲಿಲ್ಲ.

"ಎಲ್ಲಾ ನೆನಪಿಲ್ಲ ಕಣೋ," ಎಂದರು.

ಪರೀಕ್ಷೆ ಇನ್ನೊಂದು ದಿನವಾಗಲಿ ಎಂದು ಅಕ್ಕ ಅತ್ತೆಯನ್ನು ಇಳಿಸುತ್ತಿದ್ದಳು. ಎರಡನೆಯ ಮಹಡಿಯ ತಿರುವಿನಲ್ಲಿ ಕಡ್ಡಿ ಅವರನ್ನು ಹಾದುಹೋಗುವಾಗ ಅವಳು, ಬೆಳಿಗ್ಗೆ ಮೆಟ್ಟಿಲು ಅಂದರಲ್ಲ, ಆಗಲೇ ಅವರಿಗೆ ಗೊತ್ತಿತ್ತಾ ಎಂದು ಕೇಳಿದಳು. ಕಡ್ಡಿ ಹೂಂ ಎಂದ. ಅವಳು ಅತ್ತೆಯ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಸಂಜೆ ಆ ಮನೆಯಲ್ಲಿ ಯಾರು ಯಾರೊಡನೆ ಏನು ಮಾತಾಡುತ್ತಾರೋ, ತನ್ನ ತಟ್ಟೆ ಅಲ್ಲಿರುತ್ತದೋ ಇಲ್ಲವೋ, ಅವನಿಗೆ ತಿಳಿಯದು. ಅತ್ತೆ ಮಾತ್ರ, "ಹುಷಾರಾಗಿ ಹೋಗು, ಬೆಳಿಗ್ಗೆ ತಿಂಡಿ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದೀಯ," ಎಂದರು.

ಬೀದಿಗೆ ಬಂದು ಕಡ್ಡಿ ಜೊತೆಯ ಮೆಕ್ಯಾನಿಕ್‌ಗಳಲ್ಲಿ ಮೊದಲು, ಎಲ್ಲರೂ ಮೀಸೆ ಎಂದು ಕರೆಯುವವನಿಗೆ ಫೋನು ಮಾಡಿದ. ಮೀಸೆ ಎಲ್ಲಿಗೋ ಹೊರಡುತ್ತಿದ್ದ. ಏನು ಕಡ್ಡಿ, ಇವತ್ತು ನನ್ನ ನೆನಪಾಯಿತಾ, ಸಾಲ ಬಿಟ್ಟು ಏನು ಬೇಕಾದರೂ ಕೇಳು ಎಂದು ನಕ್ಕ.

"ನಿನ್ನ ಗಾಡಿ ಕೀ ಕೈಯಲ್ಲಿದೆಯಾ?"

"ಇದೆ. ಯಾಕೆ?"

"ಸರಿಯಾಗಿ ನೋಡು. ಹಳೇದಾ, ಹೊಸದಾ?"

ಆ ಕಡೆ ನಗು ನಿಂತಿತು. ಮೀಸೆ ಕೀಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿರುವುದು ಕಡ್ಡಿಗೆ ಕಣ್ಣಿಗೆ ಕಟ್ಟಿದಂತಿತ್ತು.

"ನನ್ನದ್ರ ಮೇಲೆ ಹಸಿರು ಪೇಂಟ್ ತಾಗಿತ್ತಲ್ಲೋ," ಎಂದ ಮೀಸೆ ನಿಧಾನವಾಗಿ. "ಇದ್ರಲ್ಲಿಲ್ಲ."

"ಕೊನೇ ಸಲ ವೈರು ಎಲ್ಲಿ ಹಾಕಿದ್ದೆ?"

ಮೀಸೆ ಒಂದು ಹಾಸ್ಟೆಲಿನ ಗುರುತು ಹೇಳಿದ. ಅಲ್ಲಿಗೆ ತಾನು ಹತ್ತಿರ, ಈಗಲೇ ಹೊರಟೆ ಎಂದ ಕಡ್ಡಿ, ಉಳಿದವರಿಗೆಲ್ಲ ಫೋನು ಮಾಡಿ ಕೀ ನೋಡಲು ಹೇಳುವಂತೆ ತಿಳಿಸಿ, ಬೈಕಿನ ಮೇಲೆ ಕೂತ. ಸೊಟ್ಟ ಕೀ ಎಂದಿನಂತೆ ಅರ್ಧಕ್ಕೇ ಸಿಕ್ಕಿಕೊಂಡಿತು. ಅವನು ಅದನ್ನು ಬೈಯದೆ, ಅಲ್ಲಾಡಿಸಿ ಅಲ್ಲಾಡಿಸಿ ತಿರುಗಿಸಿದ.